ಅಕ್ಕನ ದನಿಯ ನಕಲು

ಹೊಸ ಕಂಪ್ಯೂಟರನ್ನು ಮೇಜಿನ ಮೇಲೆ ಕೂರಿಸಿ, ವೈರುಗಳನ್ನೆಲ್ಲ ಅದರ ಬೆನ್ನಿಗೆ ಸಿಕ್ಕಿಸಿ, ನಾನು ನೆಲದಿಂದ ಎದ್ದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನೀಟಾಗಿ ತಲೆ ಬಾಚಿಕೊಂಡಿದ್ದಳು. ಗಾಯದ ಗುರುತು ಕಾಣದಂತೆ ಕುತ್ತಿಗೆಗೆ ತೆಳ್ಳನೆಯ ನೀಲಿ ಬಟ್ಟೆ ಸುತ್ತಿಕೊಂಡಿದ್ದಳು. ಮನೆಗೆ ಯಾರೋ ದೊಡ್ಡ ಮನುಷ್ಯರು ಬರುವವರಿದ್ದಾರೆ ಎಂಬಂಥ ಸಡಗರ. ಬರಬೇಕಾಗಿದ್ದದ್ದು ಅವಳದೇ ದನಿ.

ಅಕ್ಕ ಶಾಲೆಯಲ್ಲಿ ಆಟದ ಟೀಚರ್. ಸೀಟಿ ಮನೆಯಲ್ಲಿ ಮರೆತು ಹೋದ ದಿನವೂ ಅವಳಿಗೆ ತೊಂದರೆ ಇರಲಿಲ್ಲ. ಒಂದು ಸಲ "ಏಯ್" ಅಂದರೆ ಮೈದಾನದ ಆ ತುದಿಯ ಮಕ್ಕಳೂ ಕಾಲು ಎತ್ತಿದವರು ಎತ್ತಿದಂತೆಯೇ ನಿಂತುಬಿಡುತ್ತಿದ್ದರು. ಅಂಥವಳ ಗಂಟಲಿಗೇ ಗಂಟು ಬಿತ್ತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಆಸ್ಪತ್ರೆಯವರು. ಆಪರೇಷನ್ನಿಗೆ ಮೊದಲು, ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ಒಂದು ಉಪಾಯ ಹೇಳಿದ್ದರು. ದನಿ ಇರುವಾಗಲೇ ಒಂದಷ್ಟು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಮೇಲೆ ಒಂದು ಪ್ರೋಗ್ರಾಮ್ ಅದನ್ನು ಕೇಳಿ ಕಲಿತು, ನೀವು ಟೈಪ್ ಮಾಡಿದ್ದನ್ನೆಲ್ಲ ನಿಮ್ಮದೇ ದನಿಯಲ್ಲಿ ಹೇಳುತ್ತದೆ ಎಂದು. ಅಕ್ಕ ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ ಎಳೆದು, ಸದ್ದಾಗುತ್ತದೆಂದು ಫ್ಯಾನ್ ಆರಿಸಿ, ಬೆವರೊರೆಸಿಕೊಳ್ಳುತ್ತಾ ದಿನವೂ ಓದಿದ್ದಳು. ರೆಕಾರ್ಡ್ ಮಾಡಿದವರು ಭಾವ.

ಫೋನಿನಲ್ಲಿಯೂ ಟೈಪ್ ಮಾಡಿದ್ದನ್ನು ಓದಿ ಹೇಳುವ ಒಬ್ಬ ಹೆಂಗಸಿದ್ದಾಳೆ, ನಿಜ. ಮೂಗು ಕಟ್ಟಿದ ವಾರ್ತಾವಾಚಕಿಯ ಹಾಗೆ ಮಾತಾಡುತ್ತಾಳೆ. ಒಂದು ಸಲ ಅವಳ ಬಾಯಿಂದ "ರೀ, ಹಾಲು ಉಕ್ಕುತ್ತಿದೆ" ಎಂದು ಹೇಳಿಸಿದ ಮೇಲೆ ಅಕ್ಕ ಆ ಸವತಿಯ ಸಹವಾಸ ಬಿಟ್ಟಳು.

ಹಳೆಯ ಕಂಪ್ಯೂಟರಿಗೆ ಡಾಕ್ಟರಮ್ಮನ ಪ್ರೋಗ್ರಾಮನ್ನು ಹೊರುವ ತ್ರಾಣವಿರಲಿಲ್ಲ. ಅದನ್ನು ಅಂಗಡಿಗೆ ಕೊಟ್ಟು ಹೊಸದು ತಂದಿದ್ದರು. ಕೊಡುವ ಮುಂಚೆ ಭಾವ ಎಲ್ಲವನ್ನೂ ಅಂಗೈಯಗಲದ ಒಂದು ಡಿಸ್ಕಿಗೆ ಬ್ಯಾಕಪ್ ಮಾಡಿದ್ದರು. ಅದನ್ನು ಹೊಸದಕ್ಕೆ ಇಳಿಸುವುದಷ್ಟೇ ನನ್ನ ಕೆಲಸ, ಅದೂ ಸಂಜೆಯೊಳಗೆ. ಅಕ್ಕನ ಮಗಳು ಸರಕು ಹಡಗಿನಲ್ಲಿ ಎಂಜಿನಿಯರ್. ಅಮ್ಮನ ಆಪರೇಷನ್ ಆದಾಗ ಅವಳು ನಡುನೀರಿನಲ್ಲಿದ್ದಳು. ಇವತ್ತು ಬಂದರು ಮುಟ್ಟಿದ ಕೂಡಲೇ ಫೋನ್ ಮಾಡುವವಳಿದ್ದಳು. "ನೀನು ದಡ ಸೇರೋ ಹೊತ್ತಿಗೆ ನಿಮ್ಮಮ್ಮ ಮಾತಾಡ್ತಾಳೆ, ನೋಡ್ತಿರು" ಎಂದು ಭಾವ ಮೊದಲೇ ಮೆಸೇಜ್ ಹಾಕಿ ಆಗಿತ್ತು.

ಡಿಸ್ಕ್ ಸಿಕ್ಕಿಸಿದೆ. 'ಅವಳ ದನಿ' ಎಂಬ ಫೋಲ್ಡರು. ಎಳೆದು ಹೊಸದಕ್ಕೆ ಹಾಕಿದೆ. ಹಸಿರು ಪಟ್ಟಿ ತೆವಳತೊಡಗಿತು. ಇನ್ನು ಹತ್ತು ನಿಮಿಷ ಎಂದಿತು. ಯಾಕೋ ಮನಸ್ಸು ಬದಲಾಯಿಸಿ ಮೂರು ಗಂಟೆ ಎಂದಿತು. ಮತ್ತೆ ನಾಚಿಕೊಂಡು ನಾಲ್ಕು ನಿಮಿಷಕ್ಕೆ ಬಂತು.

"ನಿಮ್ಮ ಗಾಡಿಗಳೂ ಹೀಗೇ ಅಲ್ವಾ ಭಾವ?" ಎಂದೆ.

ಭಾವ ರೈಲು ನಿಲ್ದಾಣದಲ್ಲಿ ಪ್ರಕಟಣೆ ವಿಭಾಗದವರು. "ನಮ್ಮದು ತಡವಾದ್ರೆ ವಿಷಾದಿಸ್ತೀವಿ ಕಣಯ್ಯ. ಇದಕ್ಕೆ ಆ ಮರ್ಯಾದೆನೂ ಇಲ್ಲ" ಎಂದರು.

ಪಟ್ಟಿ ತುಂಬಿತು. ಫೋಲ್ಡರ್ ತೆರೆದೆ. ಸಾವಿರಾರು ಪುಟಾಣಿ ಫೈಲುಗಳು ಅಕಾರಾದಿಯಾಗಿ ಸಾಲುಗಟ್ಟಿದ್ದವು. ಮೊದಲನೆಯದನ್ನು ಒತ್ತಿದೆ.

"ಅಂಗಡಿ" ಎಂದಳು ಅಕ್ಕ.

ನಿಜವಾಗಿಯೂ ಅಕ್ಕನೇ. ಬಾಗಿಲಲ್ಲಿದ್ದ ಅಕ್ಕನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಭಾವ ನನ್ನ ಬೆನ್ನಿಗೆ ಗುದ್ದಿ, "ಹೆಂಗೆ?" ಎಂದರು. ಮುಂದಿನದನ್ನು ಒತ್ತಿದೆ. "ಅಂಗಳ." ಅದರ ಮುಂದಿನದು. "ಅಕ್ಕಿ."

"ವಾಕ್ಯಗಳು ಯಾವ ಫೋಲ್ಡರಲ್ಲಿವೆ ಭಾವ?"

"ಯಾವ ವಾಕ್ಯ?"

"ಅಕ್ಕ ಓದಿದ್ದು. ಇದು ಬರೀ ಬಿಡಿ ಬಿಡಿ ಪದ ಅಲ್ವಾ?"

"ವಾಕ್ಯಾನೆಲ್ಲಾ ಬಿಡಿಸಿದ್ದೀನಲ್ಲಯ್ಯ!" ಭಾವ ಕುರ್ಚಿ ಎಳೆದುಕೊಂಡು ಹುರುಪಿನಿಂದ ಕುಳಿತರು. "ನಮ್ಮ ಸ್ಟೇಷನ್ನಲ್ಲಿ ದಿನಾ ಯಾರಾದ್ರೂ ಕೂತು ಕೂಗ್ತಾರೆ ಅಂದ್ಕೊಂಡ್ಯಾ? 'ಗಾಡಿ' ಒಂದು ತುಂಡು, 'ಸಂಖ್ಯೆ' ಒಂದು ತುಂಡು, 'ಪ್ಲಾಟ್‌ಫಾರ್ಮ್' ಒಂದು ತುಂಡು. ಒಂದು ಸಲ ಕತ್ತರಿಸಿ ಇಟ್ಕೊಂಡ್ರೆ ಜನ್ಮಕ್ಕೆ ಆಯ್ತು. ಬೇಕಾದ ಹಾಗೆ ಜೋಡಿಸ್ಕೋ. ಇದನ್ನೂ ಹಂಗೇ ಮಾಡಿದ್ದೀನಿ. ಅವಳು ಆಸ್ಪತ್ರೇಲಿದ್ದಾಗ ಕೂತು ಕೂತು ಕಣ್ಣು ಹೋಯ್ತು. 'ಮನೆ' ಅಂತ ನಿಮ್ಮಕ್ಕ ಎಷ್ಟು ಸಲ ಅಂದಿದ್ಳು ಗೊತ್ತಾ? ಎಲ್ಲಾ ಕೇಳಿ, ಏರಿಳಿತ ಇಲ್ಲದ್ದು, ಉಸಿರು ಕೇಳಿಸದ್ದು ಒಂದು ಆರಿಸ್ದೆ. ಎರಡೆರಡು ಮನೆ ಇಟ್ಕೊಂಡ್ರೆ ಅವಳು ಸುಮ್ನಿರ್ತಾಳಾ?"

ಅಕ್ಕ ಇದಕ್ಕೆ ಸದ್ದಿಲ್ಲದೆ ನಕ್ಕಳು. ಅವಳ ನಗುವಿನಲ್ಲಿ ಈಗ ಹೆಗಲು ಮಾತ್ರ ಕುಣಿಯುತ್ತದೆ. ನನಗೆ ನಗು ಬರಲಿಲ್ಲ.

"ಉಳಿದದ್ದೆಲ್ಲಾ?"

"ತೆಗೆದೆ. ಮಧ್ಯೆ ಕೆಮ್ಮಿದ್ದು, ತಪ್ಪು ಓದಿ 'ಥೂ' ಅಂದಿದ್ದು, 'ರೀ ಸೆಕೆಗೆ ಸಾಯ್ತೀನಿ ಫ್ಯಾನ್ ಹಾಕ್ರೀ' ಅಂತ ಗೋಳಾಡಿದ್ದು. ಆ ಕಸ ಎಲ್ಲಾ ಗುಡಿಸಿ ಕ್ಲೀನ್ ಮಾಡೇ ಬ್ಯಾಕಪ್ ತಗೊಂಡಿದ್ದು. ಕಸಾನ ಯಾರಾದ್ರೂ ನಕಲು ಮಾಡ್ತಾರಾ?"

ನಾನು ಡಾಕ್ಟರಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ತಾಳ್ಮೆಯ ಹೆಂಗಸು. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು.

"ಪದ ಅಲ್ಲಪ್ಪ, ವಾಕ್ಯ ಬೇಕು. ಒಂದು ಪದದಿಂದ ಇನ್ನೊಂದಕ್ಕೆ ಅವರ ದನಿ ಹೇಗೆ ಜಾರುತ್ತೆ, ಎಲ್ಲಿ ಉಸಿರು ತಗೋತಾರೆ, ಎಲ್ಲಿ ಎಳೀತಾರೆ, ಅದನ್ನೇ ಅದು ಕಲಿಯೋದು. ಏರಿಳಿತ ತೆಗೆದ್ರೆ ಇನ್ನೇನು ಉಳಿಯುತ್ತೆ? ಇರಲಿ ಬಿಡಿ, ಮೂಲ ರೆಕಾರ್ಡಿಂಗ್ ಇರುತ್ತಲ್ಲ, ಅದನ್ನ ಹಾಕಿ."

ಭಾವ ಬಾಯಿ ತೆರೆದರು. ಯಾವ ತುಂಡನ್ನು ಯಾವುದಕ್ಕೆ ಜೋಡಿಸಬೇಕೋ ಅವರಿಗೂ ತಿಳಿಯಲಿಲ್ಲ.

ಮೂಲವಿದ್ದದ್ದು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ; ಅದನ್ನು ಕೊಂಡ ಅಂಗಡಿಗೆ ಫೋನ್ ಮಾಡಿದೆವು. ಅಂಗಡಿಯವನ ದನಿ ಎಣ್ಣೆ ಬಿಟ್ಟ ಕದದ ಹಾಗೆ ನುಣ್ಣಗಿತ್ತು. "ಸಾರ್, ಅದನ್ನ ಪೂರ್ತಿ ಅಳಿಸಿ, ಹೊಸದಾಗಿ ತುಂಬಿಸಿ, ಮಾರಿದ್ದೂ ಆಯ್ತು. ಗಿರಾಕಿಗಳ ಒಂದು ಚೂರು ಧೂಳೂ ಒಳಗೆ ಉಳಿಸಲ್ಲ ನಾವು. ನಿಮ್ಮ ಗುಟ್ಟು ನಮಗ್ಯಾಕೆ ಸಾರ್!" ಅಳಿಸಿದ್ದನ್ನು ಮರಳಿ ತರುವ ಸಾಧನ ಹಾಕಿ ಬ್ಯಾಕಪ್ ಡಿಸ್ಕನ್ನು ಮೂಲೆ ಮೂಲೆ ತಡಕಿದೆ. ಆ ಡಿಸ್ಕಿಗೆ ವಾಕ್ಯಗಳು ಬಂದೇ ಇರಲಿಲ್ಲ. ಬಾರದ್ದನ್ನು ಅದು ಎಲ್ಲಿಂದ ವಾಪಸ್ಸು ಕೊಟ್ಟೀತು? ಹಟ ಬಿಡದೆ ಪದಗಳನ್ನೇ ಪ್ರೋಗ್ರಾಮಿಗೆ ಉಣಿಸಿ ನೋಡಿದೆ. ಒಂದಿಷ್ಟು ಜಗಿದು, ಇದು ಸಾಲದು ಎಂದು ಉಗುಳಿತು.

ಇಷ್ಟು ಹೊತ್ತೂ ಅಕ್ಕ ಬಾಗಿಲಲ್ಲೇ ಇದ್ದಳು. ಭಾವ ಎದ್ದು ಹೋಗಿ ಅವಳೆದುರು ತಲೆ ತಗ್ಗಿಸಿ ನಿಂತರು, ಬೈಸಿಕೊಳ್ಳಲು. ಮದುವೆಯಾದಂದಿನಿಂದ ಅವರಿಗೆ ಅದರ ಅಭ್ಯಾಸವಿತ್ತು. ಬೈಗುಳ ಮುಗಿದ ಮೇಲೆ ಕಾಫಿ ಬರುತ್ತಿತ್ತು. ಈಗ ನಿಂತೇ ನಿಂತರು. ಬೈಯುವುದಕ್ಕಾದರೂ ದನಿ ಬೇಕಲ್ಲ. ಅಕ್ಕ ಅವರ ಅಂಗಿಯ ತೋಳಿಗೆ ಅಂಟಿದ್ದ ಧೂಳು ಒರೆಸಿ, ಬಂದು ಕುರ್ಚಿಯ ಮೇಲೆ ಕುಳಿತಳು.

"ಕೈಯಲ್ಲೇ ಜೋಡಿಸಿ ಕೊಡ್ತೀನಿ, ತಾಳು" ಎಂದು ಭಾವ ಮೌಸಿಗೆ ಮುಗಿಬಿದ್ದರು. ಹುಡುಕಿ, ಎಳೆದು, ಅಂಟಿಸಿ, ಒತ್ತಿದರು.

"ಪ್ರೀತಿಯ. ಮಗಳು. ನಾನು. ಆರೋಗ್ಯ. ಆಗಿ. ಇದ್ದೇನೆ."

ಪ್ರೀತಿಯ ಮಗಳು ಎರಡನೇ ಪ್ಲಾಟ್‌ಫಾರ್ಮಿಗೆ ಬಂದು ನಿಂತ ಹಾಗಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಫೋನ್ ಬಡಿದುಕೊಳ್ಳತೊಡಗಿತು.

"ಅಪ್ಪಾ, ನೆಟ್‌ವರ್ಕ್ ಸರಿ ಇಲ್ಲ, ಮುಖ ಕಾಣಲ್ಲ, ಮಾತು ಮಾತ್ರ," ಎಂದಳು ಹುಡುಗಿ, ಹಿಂದೆ ಗಾಳಿಯ ಭೋರ್ಗರೆತ. "ಅಮ್ಮ ಎಲ್ಲಿ? ಮಾತಾಡ್ಸು, ಮಾತಾಡ್ಸು! ಬೆಳಗಿನಿಂದ ಇದಕ್ಕೇ ಕಾಯ್ತಿದ್ದೀನಿ."

ಭಾವನ ಹಣೆಯಲ್ಲಿ ಬೆವರು. "ಒಂದೇ ನಿಮಿಷ, ಯಂತ್ರ ಬಿಸಿ ಆಗ್ತಿದೆ ಕಣೇ" ಎಂದು ಫೋನನ್ನು ಅಂಗೈಯಿಂದ ಮುಚ್ಚಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನೀನು ಮಾತಾಡೋ. ಊರವರ ದನಿಯೆಲ್ಲ ನಕಲು ಮಾಡ್ತೀಯಲ್ಲ, ಇವಳದ್ದೂ ಬರುತ್ತಲ್ಲ ನಿನಗೆ."

"ಭಾವ, ತಮಾಷೆಗೆ ಮಾಡೋದು ಬೇರೆ—"

"ಮೆಷಿನ್ನು ಅಂತ ಹೇಳಿದ್ದೀನಿ, ಆಚೀಚೆ ಆದ್ರೂ ನಡೆಯುತ್ತೆ. ಮಗು ಕಾಯ್ತಾ ಇದೆಯೋ."

ಅಕ್ಕನ ದನಿ ನನಗೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಅದೇ ದನಿಯಲ್ಲಿ ನೆರೆಮನೆಯವರನ್ನು ಕರೆದು ಅವಳ ಕೈಯಲ್ಲಿ ಪೆಟ್ಟು ತಿಂದವನು ನಾನು. ಅಕ್ಕನ ಮುಖ ನೋಡಿದೆ. ಅವಳು ಫೋನನ್ನೇ ನೋಡುತ್ತಿದ್ದಳು. "ಹಲೋ? ಅಮ್ಮಾ?" ಎಂದು ಅತ್ತಲಿಂದ ಇನ್ನೊಮ್ಮೆ ಕೇಳಿತು. ನನ್ನ ಬಾಯಿ ತೆರೆದುಕೊಂಡಿತು.

"ಏನೇ ಗುಬ್ಬಿ, ಹಡಗಲ್ಲಿ ಊಟ ಗೀಟ ಹಾಕ್ತಾರೋ, ಇಲ್ಲ ಬರೀ ಗಾಳಿ ಕುಡೀತಿದ್ದೀಯೋ?"

ಹುಡುಗಿ ಬಿಕ್ಕಿಬಿಕ್ಕಿ ಅತ್ತಳು, ಅಳುತ್ತಲೇ ನಕ್ಕಳು. "ಅಮ್ಮಾ! ನೀನೇ! ನಿನ್ನ ಕೊಂಕೂ ಕಲ್ತುಬಿಟ್ಟಿದೆಯಲ್ಲ ಅದು! ಇನ್ನೂ ಬೈಯಿ, ಬೈಯಿ."

ಬೈದೆ. ತಲೆಗೆ ಎಣ್ಣೆ ಹಾಕಲ್ಲ ಎಂದು, ಮೆಸೇಜಿಗೆ ಉತ್ತರ ಬರೆಯಲ್ಲ ಎಂದು. ಒಬ್ಬರ ದನಿ ಹಿಡಿದರೆ ಮಾತು ತಾನಾಗಿ ಹಿಂದೆ ಬರುತ್ತದೆ; ಅವರು ಯಾವಾಗಲೂ ಏನು ಅನ್ನುತ್ತಾರೋ ಅದೇ ನಾಲಗೆಗೆ ಬಂದು ಕೂರುತ್ತದೆ. ಅನುಕರಣೆಯ ಸುಖವೂ ಅದೇ, ರೋಗವೂ ಅದೇ. ಭಾವ ಗೋಡೆಗೊರಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಅಮ್ಮಾ, ಒಂದು ಕೇಳ್ತೀನಿ, ನಿಜ ಹೇಳ್ಬೇಕು," ಎಂದಳು ಹುಡುಗಿ. "ಈ ಹಡಗು ರಿಪೇರಿಗೆ ನಿಲ್ಲುತ್ತೆ. ರಜೆ ಹಾಕಿ ಮನೆಗೆ ಬರಬಹುದು, ಇಲ್ಲಾ ಇನ್ನೊಂದು ಹಡಗು ಹತ್ತಬಹುದು. ಬಂದೇಬಿಡೋಣ ಅಂತ ಬ್ಯಾಗ್ ಕಟ್ಟಿದ್ದೆ. ಬರ್ಲಾ?"

"ನನಗೇನೇ ಧಾಡಿ? ಗುಂಡುಕಲ್ಲಿನ ಹಾಗಿದ್ದೀನಿ. ಸುಮ್ನೆ ನಿನ್ನ ಕೆಲಸ ನೋಡ್ಕೋ."

ಹೇಳಿ ಮುಗಿಸಿದ ಮೇಲೆಯೇ ನನಗೆ ಗೊತ್ತಾದದ್ದು. ಅಕ್ಕ ಯಾವಾಗಲೂ ಹೇಳುತ್ತಿದ್ದ ಮಾತು ಅದು. ಇವತ್ತಿನ ಮಾತು ಅದಲ್ಲ. ಅಕ್ಕ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು, ಅಲ್ಲ ಅಲ್ಲವೆಂದು ಜೋರಾಗಿ ತಲೆಯಾಡಿಸುತ್ತಿದ್ದಳು. ಮರುಗಳಿಗೆ ನನ್ನನ್ನು ಬಿಟ್ಟು ಕಂಪ್ಯೂಟರಿನತ್ತ ತಿರುಗಿ, ಫೈಲುಗಳ ಸಾಲನ್ನು ಸರಸರನೆ ಕೆಳಗೆ ಓಡಿಸಿದಳು. ಅಕಾರ ದಾಟಿತು, ಕಕಾರ ದಾಟಿತು. ಎಲ್ಲೋ ನಿಲ್ಲಿಸಿ ಒತ್ತಿದಳು.

"ಬಂದಿತು" ಎಂದಿತು ಅವಳ ದನಿ. ಮತ್ತೆ ಒತ್ತಿದಳು. "ಬಡಗಿ."

"ಹಿಂದೆ ಅದೇನು, ಸ್ಟೇಷನ್ನಾ?" ಹುಡುಗಿ ನಕ್ಕಳು. "ಅಪ್ಪ ಕೆಲಸಾನ ಮನೆಗೇ ತಂದ್ರಾ?"

"ಹೂಂ ಕಣೇ, ಟೆಸ್ಟಿಂಗು" ಎಂದರು ಭಾವ, ಅಕ್ಕನ ಕೈ ಹಿಡಿದುಕೊಳ್ಳಲೋ ಬಿಡಲೋ ತಿಳಿಯದೆ.

"ಬರಬಹುದು." "ಬರುತ್ತದೆ."

"ಸರಿ ಅಮ್ಮಾ, ಹಡಗಿನವರಿಗೆ ಈಗ್ಲೇ ಹೂಂ ಅಂದ್ಬಿಡ್ತೀನಿ. ನಿನ್ನ ದನಿ ಕೇಳಿದ ಮೇಲೆ ಜೀವ ಹಗುರ ಆಯ್ತು. ನಾಳೆ ಹೊರಡೋ ಮುಂಚೆ ಮತ್ತೆ ಮಾಡ್ತೀನಿ, ಇನ್ನೂ ಚೆನ್ನಾಗಿ ಬೈಬೇಕು!"

"ಬಸ್ಸು." "ಬಹಳ."

ಫೋನ್ ಕಡಿದುಹೋಯಿತು.

"ಬಾ" ಎಂದಳು ಅಕ್ಕ, ಕಂಪ್ಯೂಟರಿನೊಳಗಿಂದ. ಏರಿಳಿತವಿಲ್ಲದ, ಉಸಿರು ಕೇಳಿಸದ ಬಾ. ಯಾರನ್ನು ಬೇಕಾದರೂ ಕರೆಯಬಹುದಾಗಿತ್ತು ಅದು.

ಭಾವ ಫೋನನ್ನು ಅಕ್ಕನ ಮುಂದೆ ಇಟ್ಟರು. "ಮೆಸೇಜ್ ಹಾಕು. ಅದಕ್ಕೇನು ದನಿ ಬೇಕಾಗಿಲ್ವಲ್ಲ. ಬಾ ಅಂತ ಬರಿ, ಬಂದುಬಿಡ್ತಾಳೆ."

ಅಕ್ಕ ಫೋನ್ ತೆಗೆದುಕೊಂಡು ಬರೆದಳು. ಬರೆದದ್ದನ್ನು ನೋಡುತ್ತಾ ಕುಳಿತಳು. ಅದನ್ನು ಕಳಿಸಿದರೆ ಈಗ ಮಾತಾಡಿದವರು ಯಾರು ಎಂಬುದನ್ನೂ ಬರೆಯಬೇಕಾಗುತ್ತಿತ್ತು. ಅಳುತ್ತಾ ನಕ್ಕಿದ್ದ ಹುಡುಗಿ, ಹಗುರಾದ ಜೀವವನ್ನು ಎತ್ತಿಕೊಂಡು, ಇಷ್ಟು ಹೊತ್ತಿಗೆ ಯಾವುದೋ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಿರಬೇಕು.

"ಅಕ್ಕಾ, ಕಳಿಸು. ನಾನೇ ಅವಳಿಗೆ ಹೇಳ್ತೀನಿ, ನಂದೇ ತಪ್ಪು ಅಂತ" ಎಂದೆ. ನನ್ನ ಸ್ವಂತ ದನಿ ನನಗೇ ಯಾರದೋ ಎನಿಸಿತು.

ಅಕ್ಕ ನನ್ನ ಕಡೆ ನೋಡಿದಳು. ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಇನ್ನೇನೋ ಬರೆದು ಸೇರಿಸಿ, ಫೋನನ್ನು ನನ್ನ ಕಡೆ ತಿರುಗಿಸಿದಳು. ಮಗಳಿಗೆಂದು ಬರೆದ 'ಬಾ' ಹಾಗೆಯೇ ಇತ್ತು, ಆದರೆ ಈಗ ನನಗೆ; ಅದಕ್ಕೆ ಮೊದಲು ಇನ್ನೊಂದು ಪದ ಬಂದು ನಿಂತಿತ್ತು.

'ನಾಳೆಯೂ ಬಾ.'