ಗುಡ್ಡೆ ಪಾಲು

"ಸಿಸ್ಟರಮ್ಮ, ತಾಳಿ ತಾಳಿ! ಅದ್ರಲ್ಲಿ ಇನ್ನೂ ಅರ್ಧ ಅದೆ!"

ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಇಂದ್ರಾಣಿ ದಿಂಬಿನಿಂದ ತಲೆಯೆತ್ತಿ ಕೂಗಿಬಿಟ್ಟಳು. ನರ್ಸ್ ಕೋಮಲಳ ಕೈಲಿದ್ದ ಪುಟ್ಟ ಬಾಟಲಿ ಕಸದ ಡಬ್ಬದ ಬಾಯಿಯ ಮೇಲೆಯೇ ನಿಂತಿತು.

"ಅದು ಉಳಿಯೋದೇ ಅಕ್ಕ. ನಿಮ್ಮ ತೂಕಕ್ಕೆ ಒಂದೂವರೆ ಸಾಕು. ಆದ್ರೆ ಅರ್ಧ ಬಾಟಲಿ ಯಾರು ಮಾರ್ತಾರೆ? ನೀರು ಬೆರೆಸಿದ್ಮೇಲೆ ಇಡೋ ಹಾಗೂ ಇಲ್ಲ."

"ಪ್ರತಿ ಸಲವೂವೆ ಇಂಗೇ ಎಸೀತಿದ್ರಾ?"

ಕೋಮಲ ಬಾಟಲಿಯನ್ನು ಡಬ್ಬಕ್ಕೆ ಬಿಟ್ಟಳು. ಸದ್ದಾಗದಂತೆ ಮೆಲ್ಲಗೆ ಬಿಟ್ಟಳು ಎಂಬುದನ್ನು ಇಂದ್ರಾಣಿ ಗಮನಿಸಿದಳು.

ನಂಜನಗೂಡಿನ ಆ ನರ್ಸಿಂಗ್ ಹೋಮಿಗೆ ಅದೇ ತನ್ನ ಕೊನೆಯ ಸಲ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿ ಬಂದಿದ್ದಳು. ಕೀಲುವಾತಕ್ಕೆ ಎರಡು ತಿಂಗಳಿಗೊಮ್ಮೆ ಈ ಔಷಧಿ ಏರಬೇಕು. ಏರಿದರೆ ಬೆರಳು ಬಾಗುತ್ತಿದ್ದವು, ನರಸೀಪುರದ ಅವಳ ಹೊಲಿಗೆ ಅಂಗಡಿಯ ಬಾಗಿಲು ತೆರೆಯುತ್ತಿತ್ತು. ಏರದಿದ್ದರೆ ಸೆರಗಿನ ಪಿನ್ನು ಹಾಕಲೂ ಗಂಡ ಶಿವಮೂರ್ತಿಯೇ ಬರಬೇಕು. ಕತ್ತಿನ ಸರ ಹೋಯಿತು, ಹಸು ಹೋಯಿತು, ಸರ್ಕಾರದ ಸಹಾಯಕ್ಕೆ ಅರ್ಜಿ ಹಿಡಿದು ಅಲೆದದ್ದೂ ಆಯಿತು. ಇನ್ನು ಉಳಿದಿರುವುದು ಹೊಲಿಗೆಯ ದುಡಿಮೆ. ಅದರಲ್ಲಿ ಒಂದೂವರೆ ಬಾಟಲಿ ಹೇಗೋ ದಕ್ಕೀತು, ಎರಡು ದಕ್ಕುವುದಿಲ್ಲ.

ಕಸದ ಡಬ್ಬದ ಕಡೆಗೇ ನೋಡುತ್ತಾ ಅವಳು ಮತ್ತೆ ಕೇಳಿದಳು, "ನನ್ನಂಗೇ ಅರ್ಧ ಚೆಲ್ಲೋರು ಇನ್ಯಾರೂ ಇಲ್ವಾ ಸಿಸ್ಟರಮ್ಮ?"

"ಇದ್ದಾರೆ. ಇದೇ ಊರಿನ ಟೀಚರೊಬ್ಬರು. ಅವರು ಶುಕ್ರವಾರ ಬರ್ತಾರೆ."

"ಹಬ್ಬದಲ್ಲಿ ನಮ್ಮೂರು ಹೆಮ್ಮಿಗೇಲಿ ಯಾರೂ ಒಬ್ಬೊಬ್ರೇ ಕುರಿಮರಿ ಕುಯ್ಯಾಕಿಲ್ಲ. ನಾಕು ಮನೆಯೋರು ಸೇರಿ ಒಂದು ಮರಿ ತರ್ತೀವಿ. ಬಾಡ್ನ ಗುಡ್ಡೆ ಗುಡ್ಡೆ ಆಕಿ ಅಂಚ್ಕೋತೀವಿ. ಒಂದು ಚೂರು ನಾಯಿಗೆ ಓಗಲ್ಲ. ಇದ್ನೂ ಅಂಗೇ ಗುಡ್ಡೆ ಆಕಾಕಾಗಲ್ವಾ?"

ಕೋಮಲ ನಕ್ಕಳು. ನಕ್ಕವಳು ಹಾಗೇ ಯೋಚನೆಗೆ ಬಿದ್ದಳು. ಆಮೇಲೆ ಸೀದಾ ಡಾಕ್ಟರ್ ಮುರಳೀಧರರ ಕೋಣೆಗೆ ಹೋದಳು.

ಡಾಕ್ಟರು ತಕ್ಷಣಕ್ಕೆ ಒಪ್ಪಲಿಲ್ಲ. ಔಷಧಿ ಬೆರೆಸುವ ಫಾರ್ಮಸಿಯವರನ್ನು ಕರೆಸಿ ಕೇಳಿದರು, ಯಾರಿಗೋ ಫೋನ್ ಮಾಡಿದರು. ಕೊನೆಗೆ ತಾವೇ ಮಂಚದ ಹತ್ತಿರ ಬಂದು ನಿಂತರು. "ಆಗುತ್ತಮ್ಮ. ಇಬ್ಬರಿಗೂ ಸೇರಿ ಮೂರು ಬಾಟಲಿ ಸಾಕು. ಆದ್ರೆ ಇಬ್ಬರೂ ಒಂದೇ ದಿನ, ಒಂದೇ ಹೊತ್ತಿಗೆ ಬರಬೇಕು. ಇಬ್ಬರ ಕೈಗೂ ಸೂಜಿ ಹಾಕೋವರೆಗೂ ಮೂರನೇ ಬಾಟಲಿ ತೆಗೆಯೋ ಹಾಗಿಲ್ಲ. ಒಬ್ಬರು ತಪ್ಪಿಸಿದ್ರೆ ಇನ್ನೊಬ್ಬರು ಪೂರಾ ಎರಡು ಬಾಟಲಿ ದುಡ್ಡು ಕೊಡಬೇಕಾಗುತ್ತೆ. ಮೊದಲು ಆ ಟೀಚರ್ ಒಪ್ಪಬೇಕಲ್ಲ."

ಟೀಚರ್ ಚಂಪಕ ಫೋನಿನಲ್ಲೇ ಒಪ್ಪಿದರು.

ಶಿವಮೂರ್ತಿಗೆ ಮಾತ್ರ ನಂಬಿಕೆ ಬರಲಿಲ್ಲ. "ದೇವಸ್ಥಾನದ ಬೀದಿಯೋರು ಕಣಮ್ಮಿ ಅವ್ರು. ನಮ್ ಜೊತೆ ಒಂದೇ ಬಾಟ್ಲಿ ಔಸ್ದಿ ಅಂಚ್ಕಂಡಾರಾ? ಫೋನಲ್ಲಿ ಊ ಅಂದಿರ್ತಾರೆ. ಆ ದಿವ್ಸ ಬರಲ್ಲ, ನೋಡ್ತಿರು."

ಎರಡು ತಿಂಗಳು ಕಳೆದು ಆ ದಿವಸವೂ ಬಂತು. ಶಿವಮೂರ್ತಿ ತನ್ನ ಗೂಡ್ಸ್ ಆಟೋದಲ್ಲಿ ಮಾರ್ಕೆಟ್ಟಿಗೆ ಬದನೆಕಾಯಿ ಇಳಿಸಿ, ಹೆಂಡತಿಯನ್ನು ನರ್ಸಿಂಗ್ ಹೋಮಿಗೆ ಬಿಟ್ಟ. ಇಂದ್ರಾಣಿಯ ಕೈಗೆ ಸೂಜಿ ಬಿತ್ತು. ಪಕ್ಕದ ಮಂಚ ಖಾಲಿಯಾಗಿಯೇ ಇತ್ತು. ಹೊತ್ತು ಏರಿತು. ಫಾರ್ಮಸಿಯವನು ಎರಡು ಸಲ ಬಾಗಿಲಲ್ಲಿ ಇಣುಕಿ ಹೋದ.

"ನಾ ಯೋಳ್ನಿಲ್ವಾ?" ಎಂದ ಶಿವಮೂರ್ತಿ. ಆದರೆ ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಕೋಮಲ ಫೋನ್ ಹಿಡಿದುಕೊಂಡೇ ಓಡಿಬಂದಳು. "ಅಕ್ಕ, ಅವರು ಬೆಳಿಗ್ಗೆಯಿಂದ ಹೊರಟು ಕೂತಿದ್ದಾರಂತೆ! ಮಂಡಿ ಹಿಡ್ಕೊಂಡುಬಿಟ್ಟಿದೆ. ಪೈಪಿಗೆ ಅಂತ ಬೀದಿ ಅಗೆದಿದ್ದಾರೆ, ಯಾವ ಆಟೋದೋನೂ ಒಳಕ್ಕೆ ಬರ್ತಿಲ್ಲವಂತೆ."

ಇಂದ್ರಾಣಿ ಗಂಡನ ಮುಖ ನೋಡಿದಳು, ಅಷ್ಟೆ. ಶಿವಮೂರ್ತಿ ಆಟೋದ ಬೀಗದ ಕೈ ತಡಕುತ್ತಾ ಹೊರಗೆ ಹೋಗಿಬಿಟ್ಟ.

ಸ್ವಲ್ಪ ಹೊತ್ತಿಗೆಲ್ಲ ಗೂಡ್ಸ್ ಆಟೋದ ಸದ್ದು ಗೇಟಿನಲ್ಲಿ ಕೇಳಿಸಿತು. ತಾಯಿಯನ್ನು ಹಿಡಿದುಕೊಳ್ಳುವ ಹಾಗೆ ಮೊಣಕೈ ಹಿಡಿದು ಶಿವಮೂರ್ತಿ ಒಬ್ಬ ಹೆಂಗಸನ್ನು ಒಳಕ್ಕೆ ನಡೆಸಿಕೊಂಡು ಬಂದ. ನರೆತ ಕೂದಲು, ಕಾಟನ್ ಸೀರೆ. ಸೀರೆಯ ನೆರಿಗೆಗೆ ಬದನೆ ಎಲೆಯೊಂದು ಅಂಟಿಕೊಂಡಿತ್ತು.

"ಹಳ್ಳ ಬಂದ ಕಡೆಯೆಲ್ಲ ಇವರು 'ಗಟ್ಟಿಯಾಗಿ ಇಡ್ಕಳಿ ತಾಯಿ, ಇಡ್ಕಳಿ ತಾಯಿ' ಅಂತ ಕೂಗ್ತಿದ್ರು. ಮಂಡಿ ನೋವೇ ಮರೆತುಹೋಯ್ತು," ಎಂದರು ಚಂಪಕ ಏದುಸಿರಿನಲ್ಲೇ. ಆಮೇಲೆ ಇಂದ್ರಾಣಿಯ ಕಡೆ ತಿರುಗಿದರು. "ನೀವೇ ಅಲ್ವೇನಮ್ಮ? ಕೋಮಲ ಎಲ್ಲಾ ಹೇಳಿದ್ಳು. ಈರುಳ್ಳಿ ಕೂಡ ತಿನ್ನದ ಮನೆಯವಳು ನಾನು. ಗುಡ್ಡೆ ಬಾಡಿನ ಪಾಲುದಾರಳಾದೆ ನೋಡಿ!"

ಇಂದ್ರಾಣಿ ಪಕ್ಕದ ಮಂಚ ತೋರಿಸಿದಳು. "ಮೊದ್ಲು ಸೂಜಿ ಆಕುಸ್ಕಳಿ ಟೀಚರಮ್ಮ, ಆಮ್ಯಾಕೆ ಮಾತು," ಎಂದಳು. ಬಾಗಿಲಲ್ಲಿದ್ದ ಶಿವಮೂರ್ತಿ ಗಟ್ಟಿಯಾಗಿ ನಕ್ಕ.

"ಇನ್ನೊಂದು ವಿಷಯ," ಎಂದರು ಚಂಪಕ, ಕೋಮಲ ನರ ಹುಡುಕುತ್ತಿದ್ದಾಗ. "ಎರಡು ತಿಂಗಳಿಗೆ ತಗೋಬೇಕಾದ್ದನ್ನ ನಾನು ಮೂರು ತಿಂಗಳಿಗೆ ಎಳೀತಿದ್ದೆ. ದುಡ್ಡು ಸಾಲದೆ ಅಂತ ಡಾಕ್ಟರಿಗೂ ಹೇಳಿರಲಿಲ್ಲ. ಇನ್ಮೇಲೆ ಎಳೆಯೋ ಹಾಗಿಲ್ಲ, ನೀವು ಕಾಯ್ತಿರ್ತೀರಲ್ಲ."

"ನಾನು ನಿಲ್ಲುಸ್ಬುಡನ ಅಂತಿದ್ದೆ," ಎಂದಳು ಇಂದ್ರಾಣಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟು ಹೊತ್ತಿಗೆ ಕೋಮಲ ಬಾಗಿಲತ್ತ ತಿರುಗಿ, "ಎರಡು ಸೂಜಿನೂ ಕೂತಿದೆ ಅಣ್ಣ, ಮೂರನೇದು ತೆಗೀರಿ!" ಎಂದು ಫಾರ್ಮಸಿಗೆ ಕೇಳುವಂತೆ ಕೂಗಿದಳು. ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಮಧ್ಯಾಹ್ನವಾಗುವಾಗ ಚಂಪಕ ಮಾತಿನ ನಡುವೆಯೇ ನಿದ್ದೆಹೋಗಿದ್ದರು. ಕಿಟಕಿಯ ಬಿಸಿಲು ಜರುಗಿ ಬಂದು ಅವರ ಮುಖದ ಮೇಲೆ ಬಿತ್ತು. ಇಂದ್ರಾಣಿ ಡ್ರಿಪ್ ಇಲ್ಲದ ಕೈಯನ್ನು ಚಾಚಿ ಪರದೆಯ ಅಂಚನ್ನು ಹಿಡಿದಳು. ಬಳೆ ಸದ್ದಾಗದಂತೆ ಮೆಲ್ಲಗೆ ಎಳೆದಳು. ನೆರಳು ಒಂದು ಮಂಚದಿಂದ ಇನ್ನೊಂದು ಮಂಚದವರೆಗೂ ಹರಡಿತು.