ಗುರವ್ವ ಬಾನ್‌ಗೆ ಹೊರಟದ್ದು

ಆ ವಾರ ಜರ್ಮನ್ ಕ್ಲಾಸಿನ ಟೀಚರು ರಚನಾಗೆ ಕೊಟ್ಟ ಹೋಮ್‌ವರ್ಕ್ ಒಂದು ಸಿನಿಮಾ. ಫ್ರೆಂಚ್ ಸಿನಿಮಾ, ಜರ್ಮನ್‌ಗೆ ಡಬ್ ಆದದ್ದು. ನೋಡಿ ಬಂದು ಒಂದು ಪುಟ ಬರೆಯಬೇಕು. ಜರ್ಮನಿಯ ಬೊಬ್ಲಿಂಗೆನ್ ಊರಿನ ಸಣ್ಣ ಥಿಯೇಟರಿನಲ್ಲಿ ಶನಿವಾರ ಮಧ್ಯಾಹ್ನ ಆಟವಿತ್ತು. ಕಾರಿನ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಗಂಡ ಸಿದ್ದಲಿಂಗೇಶನಿಗೆ ಸಿನಿಮಾ ಎಂದರೆ ನಿದ್ದೆ. ಬಾಗಲಕೋಟೆಯಿಂದ ಮೂರು ತಿಂಗಳ ವೀಸಾದಲ್ಲಿ ಬಂದಿದ್ದ ಅತ್ತೆ ಗುರವ್ವ ಮಾತ್ರ ಸೀರೆಯ ಮೇಲೆ ಮಗನ ಜಾಕೆಟ್ ಏರಿಸಿಕೊಂಡು ತಯಾರಾಗಿ ನಿಂತರು.

"ಅದು ಜರ್ಮನ್ ಅತ್ತೆ, ನಿಮಗೆ ಅರ್ಥ ಆಗಲ್ಲ," ಎಂದಳು ಮೈಸೂರಿನ ರಚನಾ.

"ನಿನಗರ ಎಲ್ಲಾ ತಿಳೀತೈತೇನು? ನಡಿ."

ಸಿನಿಮಾದಲ್ಲಿ ಕಡಲ ತೀರದ ಊರಿನ ಒಬ್ಬ ತಾಯಿ. ಮಗಳು ಸರ್ಕಸ್ಸಿನವನೊಬ್ಬನನ್ನು ಮೆಚ್ಚಿ ಮದುವೆಯಾಗಿದ್ದಾಳೆ, ಅಣ್ಣಂದಿರು ಸಿಟ್ಟಾಗಿ ಮಾತು ಬಿಟ್ಟಿದ್ದಾರೆ. ರಚನಾ ಒಂದು ಮಾತಿನ ಅರ್ಥ ಹುಡುಕುವಷ್ಟರಲ್ಲಿ ಮೂರು ಮಾತು ಓಡಿಹೋಗುತ್ತಿದ್ದವು. ಗುರವ್ವ ಮುಖಗಳನ್ನಷ್ಟೇ ನೋಡುತ್ತಿದ್ದರು. ಊಟದ ಮೇಜಿನ ಜಗಳದಲ್ಲಿ ಥಿಯೇಟರಿನವರೆಲ್ಲ ನಗುವ ಮೊದಲೇ ನಕ್ಕರು. ಆದರೆ ಆ ತಾಯಿ ಮಗಳ ಬಾಗಿಲಿಗೆ ಹೋಗಿ, ಬೆಲ್ ಒತ್ತದೆ ಮೂರು ಸಲ ಹಿಂದಿರುಗಿದಾಗ ಎಲ್ಲರೂ ನಕ್ಕರು, ಗುರವ್ವ ನಗಲಿಲ್ಲ. ರಚನಾ ತಿರುಗಿ ನೋಡಿದರೆ ಅತ್ತೆಯ ಕೆನ್ನೆ ಒದ್ದೆಯಾಗಿತ್ತು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಗುರವ್ವ ಹೇಳಿದರು: "ಅಗದೀ ಚಲೋ ತಗದಾರ. ಆಕಿಗೆ ಬೆಲ್ ಒತ್ತಾಕ ಎರಡು ತಾಸು ಬೇಕಾತು. ನನಗ ನಾಕು ವರ್ಷ ಆತು."

ನಾಲ್ಕು ವರ್ಷದ ಹಿಂದೆ ಅವರ ಮಗಳು ಸೌಭಾಗ್ಯ ಇದೇ ದೇಶದ ಬಾನ್ ನಗರದಲ್ಲಿ ಪಿಎಚ್.ಡಿ. ಮಾಡುತ್ತ ಮಥಿಯಾಸ್ ಎಂಬ ಜರ್ಮನ್ ಹುಡುಗನನ್ನು ಮದುವೆಯಾಗಿದ್ದಳು. ಅಂದಿನಿಂದ ಸಿದ್ದಲಿಂಗೇಶ ತಂಗಿಯ ಹೆಸರು ಎತ್ತಿರಲಿಲ್ಲ, ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

"ನೀ ಅಕಿ ಕೂಡ ಫೋನಿನ್ಯಾಗ ಮಾತಾಡ್ತಿ, ನನಗ ಗೊತ್ತೈತಿ," ಎಂದರು ಗುರವ್ವ.

ರಚನಾ ಕೈಯಲ್ಲಿದ್ದ ಫೋನನ್ನು ಚೀಲಕ್ಕೆ ತುರುಕಿದಳು. "ಅತ್ತೆ, ಅದು..."

"ಚಲೋ ಮಾಡೀದಿ. ನಾಳೆ ಬರ್ತೀವಂತ ಹೇಳು."

ಸಂಜೆ ಊಟಕ್ಕೆ ಕೂತಾಗ ಅವರೇ ಮಗನಿಗೆ ಹೇಳಿದರು. ಸಿದ್ದಲಿಂಗೇಶ ತಟ್ಟೆ ಸರಿಸಿದ. "ಅಪ್ಪ ಇದ್ದಿದ್ರ ಒಪ್ತಿದ್ನೇನವ್ವಾ?"

"ಸತ್ತವನ್ನ ನಡುವ ತರಬ್ಯಾಡ. ನಿಮ್ಮಪ್ಪನ ಜೋಡಿ ನಲವತ್ತು ವರ್ಷ ಬಾಳೇ ಮಾಡೀನಿ. ಆರು ತಿಂಗಳು ಸಿಟ್ಟು ಮಾಡ್ತಿದ್ದ, ಆಮ್ಯಾಲ ನನಗಿಂತ ಮೊದಲ ಓಡತಿದ್ದ." ದನಿ ಏರಿಸಲಿಲ್ಲ. "ನಿನಗ ಬರಬೇಕನಸಿದ್ರ ಬಾ, ಇಲ್ಲಂದ್ರ ಬಿಡು. ನಾ ಕೇಳಾಕತ್ತಿಲ್ಲ, ಹೇಳಾಕತ್ತೀನಿ."

ಮದುವೆಯಾದಾಗಿನಿಂದ ಗಂಡನೆದುರು ತಾನು ಹೇಳಲಾಗದೆ ನುಂಗಿದ್ದನ್ನು ಈಕೆ ರೊಟ್ಟಿ ಮುರಿದಷ್ಟು ಸಲೀಸಾಗಿ ಹೇಳಿದ್ದು ಕಂಡು ರಚನಾ ಬೆರಗಾದಳು.

ಬೆಳಿಗ್ಗೆ ಇಬ್ಬರೂ ಶೂ ಹಾಕಿಕೊಳ್ಳುವಾಗ ಸಿದ್ದಲಿಂಗೇಶ ಕೋಟು ತೊಟ್ಟು ಬಂದ. "ಸ್ಟುಟ್‌ಗಾರ್ಟ್‌ನಾಗ ಟ್ರೇನ್ ಬದಲಿ ಮಾಡೂದೈತಿ. ನಿಮಗ ಗ್ಲೈಸ್ ತಿಳಿಯಂಗಿಲ್ಲ."

ಮೂರು ವರ್ಷದಿಂದ ಇಲ್ಲಿರುವ ರಚನಾಗೆ ಗ್ಲೈಸ್, ಅಂದರೆ ಪ್ಲಾಟ್‌ಫಾರ್ಮ್, ಯಾವುದೆಂದು ತಿಳಿಯದೇ? ಆದರೂ ಟಿಕೆಟ್ಟುಗಳನ್ನು ಅವನ ಕೈಗೇ ಕೊಟ್ಟಳು. ಬಾನ್ ಬರುವವರೆಗೂ ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಮೂರನೇ ಮಹಡಿಯ ಮನೆ. ಕೆಳಬಾಗಿಲಲ್ಲಿ ಅವನಿಗೆ ಇದ್ದಕ್ಕಿದ್ದಂತೆ ಆಫೀಸಿನ ಫೋನ್ ಬಂತು, ಭಾನುವಾರವೇ. ಅವನನ್ನು ಅಲ್ಲೇ ಬಿಟ್ಟು ಅತ್ತೆ ಸೊಸೆ ಮೇಲೆ ಹತ್ತಿದರು. ಗುರವ್ವ ಬೆಲ್ಲನ್ನು ಒತ್ತಿ ಹಿಡಿದು ಬಿಡಲೇ ಇಲ್ಲ.

ಬಾಗಿಲು ತೆರೆದವನು ಮಥಿಯಾಸ್. ಮೊಣಕೈವರೆಗೆ ಜೋಳದ ಹಿಟ್ಟು. ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ: "ಬರ್ರಿ ಅತ್ತಿ, ಆರಾಮ ಅದೀರಿ, ಕುಂದರ್ರಿ."

ಗುರವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನ ಹಿಂದೆ ಸೌಭಾಗ್ಯ ನಿಂತಿದ್ದಳು. ಗುರವ್ವ ಮಗಳ ಎರಡೂ ಕೆನ್ನೆ ಹಿಡಿದು, "ಎಷ್ಟ ಸೊರಗೀದಿ ಯವ್ವಾ," ಎಂದರು. ತಾಯಿ ಮಗಳು ಹಾಗೇ ನಿಂತರು. ಅತ್ತದ್ದು ಮೊದಲು ಮಥಿಯಾಸ್.

"ಅಣ್ಣ ಬರಲಿಲ್ಲೇನ್ರಿ ವೈನಿ?" ಕೊನೆಗೆ ಸೌಭಾಗ್ಯ ರಚನಾಳನ್ನು ಕೇಳಿದಳು.

"ಕೆಳಗಿದ್ದಾರೆ, ಫೋನಲ್ಲಿ."

ಸೌಭಾಗ್ಯ ಮನೆಯ ಚಪ್ಪಲಿಯಲ್ಲೇ ಇಳಿದು ಓಡಿದಳು. ರಚನಾ ಕಿಟಕಿಯಿಂದ ಇಣುಕಿದಳು. ಮಾತು ಕೇಳುತ್ತಿರಲಿಲ್ಲ. ಸಿದ್ದಲಿಂಗೇಶ ಫೋನನ್ನು ಕಿವಿಗೆ ಹಿಡಿದೇ ಇದ್ದ. ತಂಗಿ ಅದನ್ನು ಕಿತ್ತುಕೊಂಡು ತಾನೇ "ಹಲೋ" ಅಂದಳು. ಆ ಕಡೆ ಯಾರೂ ಇರಲಿಲ್ಲವೆಂದು ಕಾಣುತ್ತದೆ. ಅವನು ಮುಖ ಮುಚ್ಚಿಕೊಂಡು ನಕ್ಕ. ಆಮೇಲೆ ಮುಚ್ಚಿದ ಕೈ ತೆಗೆಯಲಿಲ್ಲ. ಅವನ ಹೆಗಲು ಅದುರುತ್ತಿತ್ತು.

ಒಳಗೆ ಗುರವ್ವ ಕೈ ತೊಳೆದು ಅಳಿಯನನ್ನು ಒಲೆಯಿಂದ ಪಕ್ಕಕ್ಕೆ ಸರಿಸಿದ್ದರು. "ರಚನಾ, ಇವಗ ಜರ್ಮನ್‌ನಾಗ ಹೇಳು. ನೀರು ಕುದಿಬೇಕು, ಬೆಚ್ಚಗಾದ್ರ ಸಾಲಂಗಿಲ್ಲ. ರೊಟ್ಟಿ ಹರೀತೈತಿ."

ರಚನಾ ತನಗೆ ಬಂದ ಜರ್ಮನ್‌ನಲ್ಲಿ ಹೇಳಿದಳು. ವ್ಯಾಕರಣ ಎಲ್ಲೋ ತಪ್ಪಿತು. ಮಥಿಯಾಸ್ ತಲೆಯಾಡಿಸಿ ಒಲೆಯ ಉರಿ ಹೆಚ್ಚಿಸಿದ.