ಸೋಮಾರಿ ಹಡಗಿನ ಲಂಗರು

ಆ ಮನೆಯಲ್ಲಿ ಯಾರಾದರೂ ಏನಾದರೂ ಮರೆತರೆ ಒಂದೇ ಮಾತು: "ಲಂಗರು ಹಾಕಿದ್ಯೇನೇ?" ನಲ್ಲಿ ಸೋರಿದರೂ ಅದೇ, ಬಾಗಿಲಿಗೆ ಚಿಲಕ ಬೀಳದಿದ್ದರೂ ಅದೇ. ಮರೆತವರು ಯಾರೇ ಆಗಲಿ, ಅಪ್ಪ ಕೇಳುತ್ತಿದ್ದದ್ದು ಮಾತ್ರ ಚಿಕ್ಕ ಮಗಳನ್ನು. ಅವಳ ಅಡ್ಡಹೆಸರು ಪಿಟೀಲು. ಚಿಕ್ಕವಳಿದ್ದಾಗ ಕುಂಯ್ಯ್ ಅಂತ ಸಣ್ಣ ದನಿಯಲ್ಲಿ ಗಂಟೆಗಟ್ಟಲೆ ಅಳುತ್ತಿದ್ದಳು, ಅದಕ್ಕೆ. ಈಗ ಅವಳಿಗೆ ಇಪ್ಪತ್ತನಾಲ್ಕು, ಲಿಫ್ಟ್ ರಿಪೇರಿ ಕೆಲಸ. ಕೆಲಸ ಸಿಕ್ಕಿದ ದಿನ ಅಮ್ಮ, "ಇವಳ ಕೈಗೆ ಲಿಫ್ಟ್ ಕೊಟ್ಟಿದಾರಲ್ಲ, ಪಾಪ, ಹತ್ತೋರ ಗತಿ ಏನು?" ಅಂದುಬಿಟ್ಟಳು. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಅಕ್ಕನೂ ನಕ್ಕಳು. ನಗದೆ ಏನು ಮಾಡಿಯಾಳು? ಲಂಗರು ಹಾಕದೆ ಎದ್ದು ಬಂದವಳು ಅಕ್ಕನೇ ತಾನೆ! ಹನ್ನೊಂದು ವರ್ಷದಿಂದ ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಕ್ಕ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಒಂದು ಮಧ್ಯಾಹ್ನ ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಯಜಮಾನರು ಊಟಕ್ಕೆ ಹೋಗಿದ್ದರು, ಗಿರಾಕಿಗಳಿರಲಿಲ್ಲ. ಸುಮ್ಮನೆ ಕೂತವಳಿಗೆ ಆ ಹಳೇ ಆಟ ಇನ್ನೂ ಇದೆಯೋ ಇಲ್ಲವೋ ನೋಡೋಣ ಅನ್ನಿಸಿತು. ಇತ್ತು. ಪಾಸ್‌ವರ್ಡ್ ತಲೆಗೆ ಮರೆತಿತ್ತು, ಬೆರಳಿಗೆ ನೆನಪಿತ್ತು.

ಆಟ ಅಂದರೆ ಹೀಗೆ: ಬರಿಗೈಯಲ್ಲಿ ಒಂದು ದ್ವೀಪದ ದಡಕ್ಕೆ ಬಂದು ಬೀಳುತ್ತೀರಿ. ಮರ ಕಡಿದು, ಹಗ್ಗ ಹೊಸೆದು, ಹಡಗು ಕಟ್ಟಿ ಬದುಕಿಕೊಳ್ಳಬೇಕು. ಎಲ್ಲೆಲ್ಲಿಯೋ ಕೂತವರೆಲ್ಲ ಅದೇ ಸಮುದ್ರದಲ್ಲಿ ಓಡಾಡುತ್ತಿರುತ್ತಾರೆ. ಅದರಲ್ಲೊಂದು ವಿಚಿತ್ರ ಉಂಟು. ನೀವು ಆಟ ನಿಲ್ಲಿಸಿ ಎದ್ದು ಹೋದರೂ ನಿಮ್ಮ ಮೈ ಅಲ್ಲೇ ಮಲಗಿರುತ್ತದೆ. ಹತ್ತು ದಿನದೊಳಗೆ ಯಾರಾದರೂ ಅದಕ್ಕೆ ಊಟ ಹಾಕದಿದ್ದರೆ ಕಥೆ ಮುಗಿಯಿತು.

ಆಗ ಅಕ್ಕನಿಗೆ ಹತ್ತೊಂಬತ್ತು, ಪಿಟೀಲಿಗೆ ಹದಿಮೂರು. ಊಟದ ಮೇಜಿನ ಮೇಲೆ ಎರಡು ಹಳೇ ಕಂಪ್ಯೂಟರ್. ಅಕ್ಕನಿಗೆ ಕುರ್ಚಿ, ಪಿಟೀಲಿಗೆ ಬೋರಲು ಹಾಕಿದ ಬಕೆಟ್ಟು. ಅಕ್ಕ ಚುಕ್ಕಾಣಿ ಹಿಡಿಯುತ್ತಿದ್ದಳು, ತಂಡದ ಎಂಟೂ ಜನರಿಗೆ ಅವಳೇ ಕ್ಯಾಪ್ಟನ್. "ಹಾಯಿ ಇಳ್ಸೇ, ಬಂಡೆ ಬಂತು!" ಅಂತ ಇವಳು ಕೂಗಿದರೆ, "ಇಳಿಸ್ದೆ, ಇಳಿಸ್ದೆ!" ಅಂತ ಅವಳು ಬಕೆಟ್ ಮೇಲೆ ಕುಣಿಯುತ್ತಿದ್ದಳು. ಅಡುಗೆಮನೆಯಿಂದ ಅಮ್ಮ, "ಮನೇಲಿ ಮುಳುಗ್ತಿರೋದು ಯಾರ್ರೇ?" ಅನ್ನುತ್ತಿದ್ದಳು. ಎಷ್ಟೇ ಗಾಳಿ ಬೀಸಲಿ, ಹಡಗು ಮಾತ್ರ ಮೈಮುರಿದು, ಆಕಳಿಸಿ, ಆಮೇಲೆ ಹೊರಡುತ್ತಿತ್ತು. ಅದಕ್ಕೇ ಪಿಟೀಲು ಅದಕ್ಕೆ 'ಸೋಮಾರಿ' ಅಂತ ಹೆಸರಿಟ್ಟಳು. ಗರಗರ ಅನ್ನುವ ಸ್ಪೀಕರಿನಿಂದ ಅಲೆಯ ಸದ್ದು ಬರುತ್ತಿತ್ತು. ನಿಜವಾದ ಸಮುದ್ರವನ್ನು ಇಬ್ಬರೂ ಅಲ್ಲಿಯವರೆಗೆ ಕಂಡವರೇ ಅಲ್ಲ. ಆಮೇಲೆ ಕಂಡಾಗ, ಅಯ್ಯೋ ಇಷ್ಟೇನಾ ಅನ್ನಿಸಿತ್ತು ಅಕ್ಕನಿಗೆ. ಪಕ್ಕದಲ್ಲಿ ಬಕೆಟ್ ಮೇಲೆ ಕುಣಿಯುವವಳು ಇರಲಿಲ್ಲವಲ್ಲ!

ಯಾರೂ ಒಬ್ಬರೇ ಹಡಗು ತೆಗೆಯಬಾರದು ಅಂತ ತಂಡದಲ್ಲಿ ಕಟ್ಟಪ್ಪಣೆ ಇತ್ತು. ಅಪ್ಪಣೆ ಮಾಡಿದ ಮಹರಾಯಿತಿಯೇ ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದು, ಒಬ್ಬಳೇ ಒಂದು ಸುತ್ತು ಹೊಡೆದುಬಂದಳು. ದಡ ಸೇರಿ ಮರಳಿಗೆ ಇಳಿಯುವ ಹೊತ್ತಿಗೆ ಅಮ್ಮ ಕರೆದಳು ಅಂತ ಧಡಕ್ಕನೆ ಎದ್ದು ಹೋದಳು. ಲಂಗರು ಹಾಕಲಿಲ್ಲ. ಸಂಜೆಯ ಬಿರುಗಾಳಿಗೆ ಸೋಮಾರಿ ತೇಲಿಹೋಗಿ ಬಂಡೆಗೆ ಬಡಿದು ಮುಳುಗಿತು. ಎಂಟು ಜನರ ಎರಡು ತಿಂಗಳ ದುಡಿಮೆ ನೀರುಪಾಲು! ಕೊನೆಗೆ ಹಡಗಿನಲ್ಲಿದ್ದದ್ದು ಯಾರು ಅಂತ ಎಲ್ಲರೂ ಕೇಳಿದಾಗ ಕ್ಯಾಪ್ಟನ್ ಬಾಯಿಂದ ಬಂದದ್ದು, "ಪಿಟೀಲು."

ಆ ಹುಡುಗಿ, "ನಾನಾ? ನಾನೇ ಮರೆತ್ನೇನೋ," ಅಂದಿತು. ಅಳಲೂ ಇಲ್ಲ. ತಂಡದವರು ಅವಳನ್ನು ಹೊರಗೆ ಹಾಕಿದರು. ಕೇಳಿಸಿಕೊಂಡ ಅಪ್ಪ ಆವತ್ತಿನಿಂದಲೇ 'ಲಂಗರು ಹಾಕಿದ್ಯೇನೇ' ಶುರು ಮಾಡಿದರು. ತಿಂಗಳೊಳಗೆ ಅಕ್ಕ, ಪರೀಕ್ಷೆ ಅಂತ ನೆಪ ಹೇಳಿ, ಆಟವನ್ನೇ ಬಿಟ್ಟಳು. ತನ್ನ ಮೈಯನ್ನು ಆ ಮರಳಿನ ಮೇಲೆ ಮಲಗಿಸಿ ಬಂದವಳು ಮತ್ತೆ ಅತ್ತ ತಿರುಗಿ ನೋಡಲಿಲ್ಲ.

ಈಗ ಅಂಗಡಿಯ ಪರದೆಯ ಮೇಲೆ 'ನೀವು ಸತ್ತಿದ್ದೀರಿ' ಅನ್ನುವ ಅಕ್ಷರ ಬರುತ್ತದೆ ಅಂತ ಕಾದಳು. ಬರಲಿಲ್ಲ. ಒಂದು ಹಾಸಿಗೆಯ ಮೇಲೆ ಅವಳಿಗೆ ಎಚ್ಚರವಾಯಿತು. ಹೊಟ್ಟೆ ತುಂಬಿತ್ತು! ಹೊರಗೆ ಬಂದರೆ ಹೊಸ ಹಲಗೆ, ಹೊಲಿದ ಹಾಯಿ, ನೆಟ್ಟಗೆ ಇಳಿಬಿಟ್ಟ ಲಂಗರು. ಪಕ್ಕದ ಹಲಗೆಯ ಮೇಲೆ ಹೆಸರು: ಸೋಮಾರಿ ಎರಡು.

ಹಡಗಿನಲ್ಲಿ ಯಾರು ಏನು ಮಾಡಿದರೂ ತಾನಾಗಿಯೇ ದಾಖಲಾಗುವ ಒಂದು ಪುಸ್ತಕ ಇರುತ್ತದೆ. ಅಕ್ಕ ಅದನ್ನು ತೆರೆದಳು. 'ಕ್ಯಾಪ್ಟನ್‌ಗೆ ಊಟ ಹಾಕಿದವರು: ಪಿಟೀಲು. ನಿನ್ನೆ.' ಅದರ ಹಿಂದೆ ಒಂಬತ್ತು ದಿನಕ್ಕೊಮ್ಮೆ ಅದೇ ಸಾಲು. ಪುಟ ತಿರುಗಿಸಿದಷ್ಟೂ ಅದೇ ಸಾಲು, ವರ್ಷಗಟ್ಟಲೆ. ಹಾಸಿಗೆಯ ಬುಡದ ಪೆಟ್ಟಿಗೆಯಲ್ಲಿ ಇನ್ನೊಂದು ಪುಸ್ತಕ ಸಿಕ್ಕಿತು, ಮುಳುಗಿದ ಸೋಮಾರಿಯದು. ಅದರ ಕೊನೆಯ ಸಾಲು: 'ಲಂಗರು ಎತ್ತಿದವರು: ಕ್ಯಾಪ್ಟನ್.' ಇಳಿಸಿದ ಸಾಲೇ ಇಲ್ಲ.

ಅಕ್ಕ ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದಳು.

"ಬೇಗ ಹೇಳೇ, ಲಿಫ್ಟಿನ ತಲೆ ಮೇಲೆ ಕೂತಿದೀನಿ," ಅಂದಳು ಪಿಟೀಲು.

"ಆವತ್ತು ಲಂಗರು ಹಾಕದೆ ಬಂದಿದ್ದು ನಾನು ಕಣೇ."

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು. "ಗೊತ್ತು. ಆ ವಾರವೇ ನೀರಿಗಿಳಿದು ಪುಸ್ತಕ ತೆಗೆದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಅದಕ್ಕೇ ಊಟ ಹಾಕಿದ್ದು. ನೀನು ಸತ್ತೋದ್ರೆ ಹೇಳೋರು ಯಾರಿದ್ರು?"

"ಕ್ಷಮಿಸೇ," ಅಂದಳು ಅಕ್ಕ.

"ನನಗೆ ಹೇಳಿ ಕೈ ತೊಳ್ಕೋಬೇಡ," ಅಂದಳು ತಂಗಿ. ಅವಳ ಮಾತಿನಲ್ಲಿ ಅಷ್ಟು ಖಾರ ಇದೆ ಅಂತ ಅಕ್ಕನಿಗೆ ಗೊತ್ತೇ ಇರಲಿಲ್ಲ. "ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೋರಿಗೆ ಹೇಳು."

ಭಾನುವಾರ ಅಪ್ಪನ ಮನೆ ಮುಂದೆ ಪಿಟೀಲು ಸ್ಕೂಟರ್ ನಿಲ್ಲಿಸಿದಳು. ಜಗಲಿಯಿಂದ ಅಪ್ಪ ಎಂದಿನಂತೆ ಕೂಗಿದರು, "ಸ್ಟ್ಯಾಂಡ್ ಸರಿಯಾಗಿ ಹಾಕೇ! ಲಂಗರು ಹಾಕಿದ್ಯೇನೇ?"

ಒಳಗಿದ್ದ ಅಕ್ಕ ಹೊರಗೆ ಬಂದಳು. ಹೇಗೆ ಶುರು ಮಾಡಬೇಕು ಅಂತ ನಾಲ್ಕು ದಿನ ಯೋಚಿಸಿದ್ದೆಲ್ಲ ಮರೆತುಹೋಗಿತ್ತು. "ಅಪ್ಪಾ, ಆವತ್ತು ಲಂಗರು ಹಾಕದೆ ಹಡಗು ಮುಳುಗಿಸಿದ್ದು ನಾನು. ಸುಳ್ಳು ಹೇಳಿ ಇವಳ ತಲೆಗೆ ಕಟ್ಟಿದೆ."

ಅಪ್ಪ ಪಿಳಿಪಿಳಿ ನೋಡಿದರು. "ಯಾವ ಹಡಗೇ?"

ನೋಡಿ, ಎಲ್ಲಿಂದ ಬಂದ ಮಾತು ಅನ್ನುವುದೇ ಆ ಪುಣ್ಯಾತ್ಮರಿಗೆ ಮರೆತುಹೋಗಿತ್ತು! ಹನ್ನೊಂದು ವರ್ಷ ಸುಮ್ಮನೆ ಬಾಯಿಗೆ ಬಂದದ್ದನ್ನು ಅನ್ನುತ್ತಾ ಬಂದಿದ್ದರು. ಬಿಟ್ಟುಬಿಡಬಹುದಿತ್ತು. ಅಕ್ಕ ಬಿಡಲಿಲ್ಲ. ಅಪ್ಪನ ಎದುರಿಗೆ ಕೂತು ಬಕೆಟ್ಟಿನಿಂದ ಶುರು ಮಾಡಿ, ಒಬ್ಬಳೇ ಹೋದದ್ದು, ಅಮ್ಮ ಕರೆದದ್ದು, ತಾನು ಹೇಳಿದ ಆ ಒಂದು ಹೆಸರು, ಒಂಬತ್ತು ದಿನಕ್ಕೊಮ್ಮೆ ತಂಗಿ ಹಾಕಿದ ಊಟ, ಎಲ್ಲವನ್ನೂ ಹೇಳಿದಳು. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದ ಅಮ್ಮ, "ಅಯ್ಯೋ ನನ್ನ ಕಂದಾ, ಲಿಫ್ಟಿನ ಮಾತು ಆಡಿಬಿಟ್ನಲ್ಲೇ," ಅಂದಳು.

ಪಿಟೀಲು ಹೆಲ್ಮೆಟ್ ಕೂಡ ತೆಗೆಯದೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಆಮೇಲೆ ಆ ಹೆಲ್ಮೆಟ್ಟಿನ ಒಳಗಿಂದ ಕುಂಯ್ಯ್ ಅಂತ, ಹದಿಮೂರು ವರ್ಷದವಳು ಆವತ್ತು ಅಳಬೇಕಾಗಿದ್ದ ಅಳು ಸಣ್ಣಗೆ ಶುರುವಾಯಿತು. ಅಕ್ಕ ಪಕ್ಕದಲ್ಲಿ ಕೂತು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು.